ಉಎನೊದಲ್ಲಿ ಒಬ್ಬಳ ಊಟ

ಹೊರಡುವ ಮುಂಚೆ, ಕಲಬುರಗಿ

ನಾನು ಕಲಬುರಗಿಯಲ್ಲಿ ಬ್ಯಾಂಕ್ ನೌಕರಿ ಮಾಡುತ್ತೇನೆ, ಸಾಲದ ವಿಭಾಗ. ವಾರಕ್ಕೆ ಎರಡು ದಿನವಾದರೂ ಚಿತ್ತಾಪುರ, ಸೇಡಂ, ಒಮ್ಮೊಮ್ಮೆ ಜೇವರ್ಗಿ ದಾಟಿ ಶಹಾಪುರದ ತನಕ ಹೋಗಬೇಕಾಗುತ್ತದೆ. 15 ವರ್ಷದಿಂದ ಮಧ್ಯಾಹ್ನದ ಊಟ ಅಂದರೆ ಡಬ್ಬಿ. ಡಬ್ಬಿ ಮರೆತ ದಿನ ಬಾಳೆಹಣ್ಣು, ಬಿಸ್ಕೀಟು. ಯಾಕಂದರೆ ಹೆಣ್ಣುಮಗಳು ಒಬ್ಬಳೇ ಹೋಟೆಲಿಗೆ ಹೋದರೆ ಬಾಗಿಲಲ್ಲೇ ಒಂದು ಪ್ರಶ್ನೆ ಬರುತ್ತದೆ: "ಎಷ್ಟ್ ಮಂದಿ ಅದೀರಿ ಅಕ್ಕಾರ?" ಒಬ್ಬಳೇ ಅಂದರೆ ಹುಡುಗ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡುತ್ತಾನೆ, ಆಮೇಲೆ "ಫ್ಯಾಮಿಲಿ ರೂಮ್ ಮ್ಯಾಲ ಅದ ನೋಡ್ರಿ" ಅನ್ನುತ್ತಾನೆ. ಮೇಲೆ ಹೋದರೆ ಪರದೆ ಹಾಕಿದ ಸಣ್ಣ ಗೂಡು, ನಾಲ್ಕು ಕುರ್ಚಿ, ನಾನು ಒಬ್ಬಳು. ಅವರು ಕೆಟ್ಟ ಮನಸ್ಸಿನಿಂದ ಕಳಿಸೋದಲ್ಲ, ಗೌರವ ಅಂತಲೇ ಕಳಿಸೋದು. ಆದರೆ ಆ ಪರದೆ ಹಿಂದೆ ಉಂಡ ಊಟ ನನಗೆ ಒಂದು ಸಲವೂ ರುಚಿಸಿಲ್ಲ.

ಟೋಕಿಯೋಗೆ ನಾನೂ ನನ್ನ ಗೆಳತಿಯೂ ಹೋಗಬೇಕಿತ್ತು. ಎರಡು ವರ್ಷ ದುಡ್ಡು ಕೂಡಿಸಿದ್ದೆವು. ಹೊರಡೋಕೆ ಎರಡು ವಾರ ಇರುವಾಗ ಅವಳ ಅಪ್ಪನಿಗೆ ಆರಾಮ ತಪ್ಪಿತು, ಅವಳು ನಿಂತಳು. ನನ್ನ ಟಿಕೆಟ್ ರದ್ದು ಮಾಡಿದರೆ ಅರ್ಧ ದುಡ್ಡೂ ವಾಪಸ್ ಬರುತ್ತಿರಲಿಲ್ಲ. ಹೋಗಿಬಿಡೋಣ ಅಂದುಕೊಂಡೆ. ಅವ್ವ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೇಳಿದಳು: "ಒಬ್ಬಾಕೇನೇ ಹೋಗಲತ್ತಿ. ಊಟಕ್ಕ ಯಾರ ಜೋಡಿ ಕೂಡ್ತಿ ಯವ್ವಾ?"

ಏನು ಉಣ್ಣುತ್ತಿ ಅಂತ ಕೇಳಲಿಲ್ಲ ನೋಡಿ, ಯಾರ ಜೋಡಿ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು 20 ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಟ್ಟಳು. ನವೆಂಬರ್ ಕೊನೆ ಅದು. ಬೆಂಗಳೂರಿನ ರೈಲು ಹೊರಟಾಗ ಶಹಾಬಾದ್ ಕಡೆ ಹೊಲದಲ್ಲಿ ತೊಗರಿ ಹಳದಿ ಹೂವು ಇನ್ನೂ ಇತ್ತು.

ಮೊದಲ ದಿನ, ಬುಧವಾರ

ನರಿತಾ ವಿಮಾನ ನಿಲ್ದಾಣದಿಂದ ಟೋಕಿಯೋದ ಉಎನೊ ಬಡಾವಣೆಗೆ ಸ್ಕೈಲೈನರ್ ಅನ್ನೋ ರೈಲಿದೆ, ಸುಮಾರು 40 ನಿಮಿಷ. ನಾನು ಕೋಣೆ ಹಿಡಿದಿದ್ದು ಉಎನೊ ಪಕ್ಕದ ಒಕಾಚಿಮಾಚಿಯಲ್ಲಿ. ಎರಡರ ನಡುವೆ ರೈಲು ಹಳಿಯ ಮಗ್ಗುಲಲ್ಲೇ, ಕೆಲವು ಕಡೆ ಹಳಿಯ ಕೆಳಗೇ, ಅಮೆಯೊಕೊ ಅನ್ನೋ ಬಜಾರು ಉದ್ದಕ್ಕೆ ಹಬ್ಬಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾಳಸಂತೆಯಾಗಿ ಬೆಳೆದ ಜಾಗ ಅದು. ಮೀನು, ಒಣಹಣ್ಣು, ಬೂಟು, ಚೀಲ, ಕೂಗಾಟ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅನ್ನೋ ನಮ್ಮ ಬಜಾರಿಗೆ ಸಂಜೆ ಹೊತ್ತು ಹೋದ ಹಾಗೇ ಅನಿಸಿತು, ಹೆದರಿಕೆ ಅರ್ಧ ಅಲ್ಲೇ ಇಳಿಯಿತು.

ಕೋಣೆ ಕೊಡೋದು ಮಧ್ಯಾಹ್ನ 3 ಗಂಟೆಗೆ. ಚೀಲ ಅಲ್ಲಿಟ್ಟು ಹೊರಗೆ ಬಂದೆ. ಹಸಿವು ಅಂದರೆ ಹಸಿವು. ಹಳಿಯ ಕೆಳಗೆ ಒಂದು ಸಣ್ಣ ಸೋಬಾ ಅಂಗಡಿ ಕಾಣಿಸಿತು, ನಿಂತು ತಿನ್ನುವಂಥದ್ದು. ಸೋಬಾ ಅಂದರೆ ಬಕ್‌ವೀಟ್ ಹಿಟ್ಟಿನ ಶ್ಯಾವಿಗೆ, ಬೂದು ಬಣ್ಣದ್ದು. ಬಾಗಿಲ ಪಕ್ಕದಲ್ಲೇ ಟಿಕೆಟ್ ಮಿಷನ್. ದುಡ್ಡು ಹಾಕಬೇಕು, ಬೇಕಾದ ತಿಂಡಿಯ ಗುಂಡಿ ಒತ್ತಬೇಕು, ಚೀಟಿ ಬರುತ್ತದೆ, ಚಿಲ್ಲರೆ ಬೀಳುತ್ತದೆ. ಆ ಚೀಟಿಯನ್ನು ಕಟ್ಟೆಯ ಮೇಲೆ ಇಟ್ಟರೆ ಮುಗೀತು, ಒಂದು ಮಾತೂ ಆಡಬೇಕಿಲ್ಲ. ನಾನು 1000 ಯೆನ್ ನೋಟು ಹಾಕಿದೆ, ಮಿಷನ್ ಹೊರಗೆ ತಳ್ಳಿತು. ತಿರುಗಿಸಿ ಹಾಕಿದೆ, ಮತ್ತೆ ತಳ್ಳಿತು. ಹಿಂದೆ ಮೂರು ಮಂದಿ ನಿಂತಿದ್ದಾರೆ, ನನಗೆ ಬೆವರು.

ಕಾರಣ ಆಮೇಲೆ ತಿಳಿಯಿತು. ಜಪಾನ್ 2024ರ ಜುಲೈಯಲ್ಲಿ ಹೊಸ ನೋಟು ತಂದಿದೆ. ಸಣ್ಣ ಅಂಗಡಿಗಳ ಹಳೇ ಮಿಷನ್ ಎಷ್ಟೋ ನಾನು ಹೋದಾಗ ಇನ್ನೂ ಹೊಸದನ್ನು ಓದುತ್ತಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಹೊಸದು. ಹಿಂದೆ ನಿಂತಿದ್ದ ವಯಸ್ಸಾದವರೊಬ್ಬರು ತಮ್ಮ ಪಾಕೀಟಿನಿಂದ ಹಳೇ 1000 ಯೆನ್ ತೆಗೆದು ನನ್ನ ಕೈಗಿಟ್ಟು, ನನ್ನದನ್ನು ತಗೊಂಡು, ತಲೆ ಬಗ್ಗಿಸಿ, ಮಿಷನ್ ಕಡೆ ಕೈ ತೋರಿಸಿದರು. ನೀವು ಹೋಗುವವರಿದ್ದರೆ 100 ಯೆನ್ ನಾಣ್ಯ ಜಾಸ್ತಿ ಇಟ್ಟುಕೊಳ್ಳಿ, ಅದಕ್ಕೆ ಈ ತಕರಾರಿಲ್ಲ.

ಚೀಟಿ ಇಟ್ಟೆ. ಒಳಗಿನವರು "ಸೋಬಾ? ಉದೋನ್?" ಅಂದರು. ಉದೋನ್ ಅಂದರೆ ಗೋಧಿಯ ದಪ್ಪ ಶ್ಯಾವಿಗೆ. ಸೋಬಾ ಅಂದೆ. ಒಂದೇ ನಿಮಿಷಕ್ಕೆ ಬಟ್ಟಲು ಬಂತು, ಹೊಗೆಯಾಡುವ ಸಾರು, ಮೇಲೆ ಈರುಳ್ಳಿ ಸೊಪ್ಪು. 430 ಯೆನ್, ನಮ್ಮ ಲೆಕ್ಕದಲ್ಲಿ 250 ರೂಪಾಯಿ. ಎಡಕ್ಕೊಬ್ಬ ಆಫೀಸಿನವನು, ಬಲಕ್ಕೊಬ್ಬ ಹೆಲ್ಮೆಟ್ ಇಟ್ಟುಕೊಂಡ ಕೂಲಿ ಕೆಲಸದವನು, ನಡುವೆ ನಾನು. ಸೊರ್ ಅಂತ ಎಳೆದು ಉಣ್ಣುತ್ತಿದ್ದರು, ಅಲ್ಲಿ ಅದು ತಪ್ಪಲ್ಲ. ಬಿಸಿ ಶ್ಯಾವಿಗೆಯನ್ನು ಗಾಳಿ ಜೊತೆ ಎಳೆದರೇ ವಾಸನೆ ಸಿಗೋದು. ಯಾರೂ ನನ್ನ ಕಡೆ ನೋಡಲಿಲ್ಲ. ಕಟ್ಟೆಯ ಕೆಳಗೆ ಚೀಲ ತೂಗುಹಾಕಲು ಒಂದು ಕೊಕ್ಕೆ ಇತ್ತು, ಅದನ್ನು ನೋಡಿ ನನಗೆ ಗಂಟಲು ಕಟ್ಟಿತು. ಒಬ್ಬರೇ ಬಂದವರಿಗೆ ಚೀಲ ಹಿಡ್ಕೋ ಅಂತ ಹೇಳಲು ಯಾರೂ ಇರುವುದಿಲ್ಲ ಅಲ್ವಾ. ಅಂಗಡಿ ಕಟ್ಟುವಾಗಲೇ ಯಾರೋ ಅದನ್ನು ಯೋಚನೆ ಮಾಡಿದ್ದಾರೆ.

ಶಾಕಾಹಾರಿಗಳಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಮೀನು, ಮೊಟ್ಟೆ, ಕೋಳಿ ತಿನ್ನುತ್ತೇನೆ, ಹಂದಿ ಮತ್ತು ದನದ ಮಾಂಸ ತಿನ್ನುವುದಿಲ್ಲ. ಅಷ್ಟಕ್ಕೇ ದಾರಿ ಸಲೀಸಾಯಿತು. ಪೂರ್ತಿ ಶಾಕಾಹಾರಿ ಆಗಿದ್ದರೆ ಕಷ್ಟ. ಸೋಬಾ ಸಾರಿನಲ್ಲಿ ಕಣ್ಣಿಗೆ ಮೀನು ಕಾಣುವುದಿಲ್ಲ, ಆದರೆ ಸಾರಿನ ಬುನಾದಿಯೇ ದಾಶಿ. ಕೊಂಬು ಅನ್ನೋ ಕಡಲ ಪಾಚಿ, ಜೊತೆಗೆ ಬೊನಿಟೊ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆ ಥರ ಒಣಗಿಸಿ ಹೆರೆದ ಚಕ್ಕೆ, ಎರಡನ್ನೂ ನೀರಿಗೆ ಹಾಕಿ ತೆಗೆದ ತಿಳಿ. ಕೊಂಬುವಿನಲ್ಲಿರುವ ಆ ರುಚಿಗೆ ಕಾರಣ ಏನು ಅಂತ 1908ರಲ್ಲಿ ಟೋಕಿಯೋದ ಇಕೆದಾ ಕಿಕುನಾಎ ಅನ್ನೋ ರಸಾಯನ ವಿಜ್ಞಾನಿ ಕಂಡುಹಿಡಿದು ಅದಕ್ಕೆ ಉಮಾಮಿ ಅಂತ ಹೆಸರಿಟ್ಟರು. ಬರೀ ತರಕಾರಿ ಹಾಕಿದ್ದಾರೆ ಅಂತ ನಂಬಿ ಉಣ್ಣಬೇಡಿ, ದಾಶಿ ಇದೆಯಾ ಅಂತ ಕೇಳಿ.

ರಾತ್ರಿ ಅವ್ವನ ಫೋನ್. "ಉಂಡಿಯೇನು?" ಉಂಡೆ ಅಂದೆ. "ಯಾರ ಜೋಡಿ ಕೂತಿದ್ದಿ?" ಕೂತಿರಲಿಲ್ಲ ಅವ್ವ, ನಿಂತಿದ್ದೆ ಅಂದೆ. ಅವಳಿಗೆ ಬಹಳ ಕೆಟ್ಟದೆನಿಸಿತು. ನಿಂತು ಉಣ್ಣಬಾರದು, ರೊಟ್ಟಿ ತಗದು ಕೂತು ತಿನ್ನು ಅಂದಳು. ಕೂತು ತಿಂದೆ.

ಎರಡನೇ ದಿನ, ಗುರುವಾರ

ಒಳಗೆ ಹೋಗಿ ಒಂದು ಬೆರಳು ಎತ್ತುವುದು ಅಭ್ಯಾಸವಾಯಿತು. ಅಲ್ಲೂ ಬಾಗಿಲಲ್ಲಿ ಎಷ್ಟು ಮಂದಿ ಅಂತಲೇ ಕೇಳುತ್ತಾರೆ, ಅದೇ ಪ್ರಶ್ನೆ. ಆದರೆ ಒಂದು ಬೆರಳು ತೋರಿಸಿದ ಕೂಡಲೇ ಅವರ ಕೈ ಕೌಂಟರ್ ಕಡೆ ಹೋಗುತ್ತದೆ, ನನ್ನ ಹಿಂದೆ ಯಾರಿದ್ದಾರೆ ಅಂತ ನೋಡುವುದಿಲ್ಲ. ಒಬ್ಬರೇ ಬಂದ ಗಿರಾಕಿಗೆ ಅವರ ಭಾಷೆಯಲ್ಲಿ ಒಹಿತೊರಿಸಾಮಾ ಅನ್ನುತ್ತಾರೆ. ಹಿತೊರಿ ಅಂದರೆ ಒಬ್ಬರು, ಮೊದಲಿಗೆ ಬರುವ ಒ, ಕೊನೆಗೆ ಬರುವ ಸಾಮಾ ಎರಡೂ ಗೌರವಕ್ಕೆ. ನಮ್ಮಲ್ಲಿ ಹೇಳಬೇಕೆಂದರೆ 'ಒಬ್ಬರೇ ಬಂದ ಯಜಮಾನರು' ಅಂದ ಹಾಗೆ. ನನಗೆ ಆ ಶಬ್ದ ಬಹಳ ಹಿಡಿಸಿತು.

ಮಧ್ಯಾಹ್ನ ಒಕಾಚಿಮಾಚಿಯ ಗಲ್ಲಿಯಲ್ಲಿ ಒಂಬತ್ತು ಕುರ್ಚಿಯ ಅಂಗಡಿ. ಟೇಬಲ್ಲೇ ಇಲ್ಲ, ಬರೀ ಕೌಂಟರ್, ಎದುರಿಗೇ ಒಲೆ. ಒಯಾಕೊದೊನ್ ಹೇಳಿದೆ. ಓಯಾ ಅಂದರೆ ತಂದೆತಾಯಿ, ಕೊ ಅಂದರೆ ಮಗು. ಕೋಳಿಯೂ ಮೊಟ್ಟೆಯೂ ಒಂದೇ ಬಟ್ಟಲಲ್ಲಿ, ಬಿಸಿ ಅನ್ನದ ಮೇಲೆ. ಟೋಕಿಯೋದ ನಿಂಗ್ಯೊಚೊ ಬಡಾವಣೆಯಲ್ಲಿ ತಾಮಾಹಿದೆ ಅನ್ನೋ 1760ರ ಕೋಳಿ ಊಟದ ಅಂಗಡಿ ಇದೆ, ಅಲ್ಲಿ 1891ರಲ್ಲಿ ಇದು ಶುರುವಾಯಿತು ಅನ್ನುತ್ತಾರೆ. ನಾನು ತಿಂದದ್ದು ಅಲ್ಲಲ್ಲ, ಈ ಸಣ್ಣ ಅಂಗಡಿಯಲ್ಲೇ.

ಮಾಡುವುದನ್ನು ಪೂರ್ತಿ ನೋಡಿದೆ. ಹಿಡಿಕೆ ನೆಟ್ಟಗೆ ಮೇಲಕ್ಕೆ ನಿಂತಿರುವ ಸಣ್ಣ ತವೆ, ಒಬ್ಬರಿಗಾಗುವಷ್ಟೇ ಅಗಲ. ಅದರಲ್ಲಿ ದಾಶಿ, ಸೋಯಾ ಸಾಸ್, ಸ್ವಲ್ಪ ಸಿಹಿ, ಈರುಳ್ಳಿ, ಕೋಳಿ. ಕುದಿ ಬಂದ ಮೇಲೆ ಮೊಟ್ಟೆಯನ್ನು ಜಾಸ್ತಿ ಕದಡದೆ ಎರಡು ಸಲಕ್ಕೆ ಹುಯ್ಯುತ್ತಾರೆ, ಮುಚ್ಚಳ ಹಾಕುತ್ತಾರೆ, ಮೊಟ್ಟೆ ಇನ್ನೂ ಅಲುಗುತ್ತಿರುವಾಗಲೇ ಅನ್ನದ ಮೇಲೆ ಜಾರಿಸುತ್ತಾರೆ. ಇದೇ ಮುಖ್ಯ, ನಾಲ್ಕು ಮಂದಿಯ ಪಾತ್ರೆಯಿಂದ ಒಬ್ಬರಿಗೆ ಬಡಿಸಿಕೊಟ್ಟದ್ದಲ್ಲ ಇದು, ತವೆಯೇ ಒಬ್ಬರ ಅಳತೆಗೆ ಮಾಡಿದ್ದು. ಮನೆಯಲ್ಲಿ ನಾನು ಒಬ್ಬಳೇ ಇದ್ದ ದಿನ ಒಬ್ಬಳಿಗೆ ಎಂಥ ಅಡುಗೆ ಅಂತ ಚುರಮುರಿಗೆ ಖಾರ ಹಚ್ಚಿಕೊಂಡು ಮಲಗಿದ್ದು ಎಷ್ಟೋ ಸಲ. ಆ ತವೆ ನೋಡುತ್ತ ಆ ದಿನಗಳೆಲ್ಲ ನೆನಪಾದವು.

ಉಂಡ ಮೇಲೆ ಬಟ್ಟಲನ್ನು ಕೌಂಟರಿನ ಮೇಲಿನ ಕಟ್ಟೆಗೆ ಎತ್ತಿಟ್ಟು ಗೊಚಿಸೊಸಾಮಾ ದೆಶಿತಾ ಅಂದೆ. ಊಟ ಚೆನ್ನಾಗಿತ್ತು, ನಿಮ್ಮ ಶ್ರಮಕ್ಕೆ ನಮಸ್ಕಾರ ಅನ್ನೋ ಅರ್ಥ. ಅಡುಗೆಯವರು ತಲೆ ಎತ್ತಿ ನಕ್ಕರು. ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಈ ಒಂದು ಮಾತೇ ಸಾಕು. ಕಲಿತುಕೊಂಡು ಹೋಗಿ.

ಮೂರನೇ ದಿನ, ಶುಕ್ರವಾರ

ಒಕಾಚಿಮಾಚಿಯಿಂದ ಕಾಂಡಾ ತನಕ ನಡೆದೆ. ಹಳೇ ಸೋಬಾ ಅಂಗಡಿಗಳಿರುವ ಜಾಗ. ಕಾಂಡಾ ಯಾಬು ಸೋಬಾ 1880ರದ್ದು. 2013ರಲ್ಲಿ ಬೆಂಕಿ ಬಿದ್ದು ಹಳೇ ಕಟ್ಟಡ ಹೋಯಿತು, 2014ರಲ್ಲಿ ಮತ್ತೆ ಕಟ್ಟಿ ತೆರೆದರು. ಅದರ ಹತ್ತಿರವೇ ಮಾತ್ಸುಯಾ, 1884ರದ್ದು. ಇವು ಸ್ವಲ್ಪ ದೊಡ್ಡ ಅಂಗಡಿಗಳು, ಒಬ್ಬಳನ್ನು ಹೇಗೆ ಕೂರಿಸುತ್ತಾರೋ ಅಂತ ಅಳುಕಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಯಾಬು ಸೋಬಾಕ್ಕೆ ಹೋದೆ. ಬೆರಳು ಎತ್ತಿದೆ. ಕಿಟಕಿ ಪಕ್ಕ ಕೂರಿಸಿದರು! ಅಂಗಳದ ಗಿಡ ಕಾಣುವ ಜಾಗ.

ಅಲ್ಲಿ ಒಂದು ವಿಶೇಷ ಇದೆ. ಗಲ್ಲಾದಲ್ಲಿ ಕೂತ ಹೆಣ್ಣುಮಗಳು ಪ್ರತಿ ಆರ್ಡರನ್ನೂ ಅಡುಗೆಮನೆಗೆ ರಾಗವಾಗಿ ಕೂಗಿ ಹೇಳುತ್ತಾರೆ, ಕೊನೆಯ ಅಕ್ಷರ ಉದ್ದಕ್ಕೆ ಎಳೆದು. ನನ್ನ ಒಂದು ತಟ್ಟೆ ಸೋಬಾವನ್ನೂ ಹಾಗೇ ಹಾಡಿದರು. ನಮ್ಮ ಖಾನಾವಳಿಯಲ್ಲಿ "ಒಂದ್ ಊಟಾ, ಎರಡ್ ರೊಟ್ಟಿ ಬಿಸೀ" ಅಂತ ಹುಡುಗರು ಕೂಗುತ್ತಾರಲ್ಲ, ಅದು ಕಿವಿಗೆ ಬಂತು.

ತಣ್ಣನೆಯ ಸೋಬಾ, ಬಿದಿರಿನ ಜರಡಿ ಮೇಲೆ. ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಗಟ್ಟಿ ಉಪ್ಪು ಸಾರು. ಎಳೆಯ ತುದಿ ಮಾತ್ರ ಅದ್ದಿ ಉಣ್ಣಬೇಕು, ಪೂರ್ತಿ ಮುಳುಗಿಸಿದರೆ ಉಪ್ಪಾಗುತ್ತದೆ. ತಟ್ಟೆ ಖಾಲಿಯಾದಾಗ ಕೆಂಪು ಮರದ ಹೂಜಿಯಲ್ಲಿ ಬಿಸಿನೀರು ತಂದಿಟ್ಟರು, ಸೋಬಾ ಕುದಿಸಿದ ನೀರೇ. ಉಳಿದ ಸಾರಿಗೆ ಅದನ್ನು ಸೇರಿಸಿ ಕುಡಿಯಬೇಕು. ಬೇಳೆ ಬಸಿದ ಕಟ್ಟು ಚೆಲ್ಲದೆ ಸಾರು ಮಾಡುವವರಿಗೆ ಇದನ್ನು ಬೇರೆ ತಿಳಿಸಿ ಹೇಳಬೇಕಿಲ್ಲ. ಕಲಬುರಗಿ ತೊಗರಿಬೇಳೆಯ ಕಟ್ಟು ಕುಡಿದು ಬೆಳೆದವಳು ನಾನು, ಆ ಬಿಸಿ ನೀರು ಗಂಟಲಿಗಿಳಿದಾಗ ಮನೆ ಹತ್ತಿರ ಬಂದ ಹಾಗಾಯಿತು.

ಅಲ್ಲಿ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ಒಬ್ಬರೇ ಉಣ್ಣುವುದು ಈಗಿನ ಫ್ಯಾಷನ್ ಅಂತ ತುಂಬಾ ಜನ ತಿಳಿದಿದ್ದಾರೆ, ಅದು ಹಾಗಲ್ಲ. ಟೋಕಿಯೋ ಎಡೊ ಆಗಿದ್ದಾಗ, 1657ರಲ್ಲಿ ಮೇರೆಕಿ ಅನ್ನೋ ದೊಡ್ಡ ಬೆಂಕಿಯಲ್ಲಿ ಊರಿನ ಬಹುಪಾಲು ಸುಟ್ಟಿತು. ಮತ್ತೆ ಕಟ್ಟಲು ಬಡಗಿಗಳು, ಕೂಲಿಗಳು ಹಳ್ಳಿಗಳಿಂದ ಬಂದರು. ಆಮೇಲೂ ಆ ಊರು ದುಡಿಯೋಕೆ ಬಂದ ಒಂಟಿ ಗಂಡಸರ ಊರಾಗಿಯೇ ಬಹಳ ಕಾಲ ಇತ್ತು. ಅವರಿಗೆ ಅಡುಗೆಮನೆ ಇಲ್ಲ, ಹೆಂಡತಿ ಮಕ್ಕಳು ಊರಲ್ಲಿ. ಸೋಬಾ, ತೆಂಪುರಾ ಅನ್ನೋ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ತರಕಾರಿ, ಸುಶಿ ಅನ್ನೋ ಹುಳಿ ಅನ್ನದ ಮೇಲೆ ಮೀನು ಇಟ್ಟ ತುತ್ತು, ಮೂರೂ ಅಂಥವರಿಗಾಗಿ ಬೀದಿ ಗಾಡಿಗಳಲ್ಲಿ ಬೆಳೆದ ತಿಂಡಿಗಳು.

ನಮ್ಮ ಖಾನಾವಳಿ ಕಥೆಯೂ ಅದೇ ಅಲ್ವಾ? ಗಂಜ್ ಮಾರುಕಟ್ಟೆಗೆ ತೊಗರಿ ತಂದ ರೈತ, ಮೂಟೆ ಹೊರುವ ಹಮಾಲ, ಅಫಜಲಪುರದಿಂದ ಓದಲು ಬಂದು ರೂಮ್ ಮಾಡಿದ ಹುಡುಗ, ಕೋರ್ಟಿನ ಕೆಲಸಕ್ಕೆ ಬಂದ ಮುದುಕ. ಎಲ್ಲರೂ ಒಬ್ಬರೇ. ಗುರುತಿಲ್ಲದವರು ಎದುರುಬದುರು ಕೂತು ಉಂಡು ಎದ್ದು ಹೋಗುತ್ತಾರೆ. ಮಾತ್ಸುಯಾದಲ್ಲೂ ಹಾಗೆ ಗುರುತಿಲ್ಲದವರು ಒಂದೇ ಟೇಬಲ್ ಹಂಚಿಕೊಳ್ಳುತ್ತಾರೆ, ಅದಕ್ಕೆ ಐಸೆಕಿ ಅಂತ ಹೆಸರೇ ಇದೆ. ಹಾಗಾದರೆ ಒಬ್ಬರ ಊಟ ಕಲಬುರಗಿಗೆ ಹೊಸದಲ್ಲ. ಅದು ನಮ್ಮ ಗಂಡಸರಿಗೆ ಮೊದಲಿಂದಲೂ ಇದೆ. ಸಿಗದೆ ಉಳಿದದ್ದು ನಮಗೆ.

ಸಂಜೆ ಜಿಂಬೊಚೊ, ಹಳೇ ಪುಸ್ತಕದ ಅಂಗಡಿಗಳ ಬೀದಿ. ಪುಸ್ತಕ ಕೊಂಡವರು ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಚಮಚ ಹಿಡಿದು ಉಣ್ಣಬಹುದು ಅಂತಲೇ ಅಲ್ಲಿ ಕರಿ, ಅಂದರೆ ಅನ್ನದ ಮೇಲೆ ಹುಯ್ಯುವ ಮಸಾಲೆ ಸಾರಿನ ಅಂಗಡಿ ಜಾಸ್ತಿಯಾದವು ಅನ್ನುತ್ತಾರೆ. ನಾನು ಅಲ್ಲಿ ಬರೀ ನೋಡಿದೆ, ಹೊಟ್ಟೆ ತುಂಬಿತ್ತು.

ನಾಲ್ಕನೇ ದಿನ, ಶನಿವಾರ

ಕಪ್ಪಾಬಾಶಿ. ಉಎನೊಗೂ ಅಸಾಕುಸಾಗೂ ನಡುವಿನ ಬೀದಿ, ಹೋಟೆಲಿನವರಿಗೆ ಬೇಕಾದ ಪಾತ್ರೆ, ಚಾಕು, ಪರದೆ, ಬೋರ್ಡು ಎಲ್ಲ ಮಾರುತ್ತಾರೆ. ಅಂಗಡಿ ಕಿಟಕಿಯಲ್ಲಿಡುವ ಪ್ಲಾಸ್ಟಿಕ್ ಊಟದ ಮಾದರಿಗಳೂ ಅಲ್ಲೇ ಸಿಗುತ್ತವೆ. ಭಾಷೆ ಬಾರದ ಒಂಟಿ ಪ್ರಯಾಣಿಕರಿಗೆ ಆ ಮಾದರಿ ದೊಡ್ಡ ಸಹಾಯ, ಹೊರಗೆ ಕರೆದು ಬೆರಳಿಟ್ಟು ತೋರಿಸಿದರೆ ಆಯಿತು. ನಾನು ನಿನ್ನೆ ಮೊನ್ನೆ ನೋಡಿದ ಒಬ್ಬರ ಅಳತೆಯ ಒಯಾಕೊದೊನ್ ತವೆ ಒಂದು ಕೊಂಡೆ.

ಮಧ್ಯಾಹ್ನ ಕೊಕೊ ಇಚಿಬಾನ್‌ಯಾದಲ್ಲಿ ಕರಿ ಅನ್ನ. 1978ರಲ್ಲಿ ಐಚಿ ಪ್ರಾಂತದಲ್ಲಿ ಶುರುವಾದ ದೊಡ್ಡ ಸರಣಿ ಅಂಗಡಿ. ಅನ್ನ ಎಷ್ಟು ಗ್ರಾಂ ಬೇಕು, ಖಾರ ಎಷ್ಟನೇ ಮಟ್ಟ ಬೇಕು ಅಂತ ನಾವೇ ಹೇಳಬೇಕು. ಜಪಾನಿನ ಕರಿಯಲ್ಲಿ ಸಾಮಾನ್ಯವಾಗಿ ಹಂದಿ ಅಥವಾ ದನದ ಕೊಬ್ಬು ಇರುತ್ತದೆ, ಇಲ್ಲಿ ಮಾಂಸ ಬಳಸದ ತರಕಾರಿ ಕರಿಯೂ ಇದೆ, ಶಾಕಾಹಾರಿಗಳು ಗುರುತು ಮಾಡಿಕೊಳ್ಳಿ. ಖಾರ ಐದನೇ ಮಟ್ಟ ತಗೊಂಡೆ. ಕಲಬುರಗಿ ಬಾಯಿಗೆ ಸರಿಯಾಗಿತ್ತು. ಪಕ್ಕದಲ್ಲಿ ಕೆಂಪು ಬಣ್ಣದ ಸಿಹಿ ಉಪ್ಪಿನಕಾಯಿ, ಫುಕುಜಿನ್‌ಜುಕೆ. ಮೇಜಿ ಕಾಲದಲ್ಲಿ ಅದು ಹುಟ್ಟಿದ್ದು ಉಎನೊದ ಒಂದು ಅಂಗಡಿಯಲ್ಲಿ. ಕರಿ ಅಂದಾಗ ನೆನಪಾಯಿತು, ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಬಂದ ನಮ್ಮ ರಾಸ್ ಬಿಹಾರಿ ಬೋಸ್ ಅವರನ್ನು ಬಚ್ಚಿಟ್ಟು ಕಾಪಾಡಿದ್ದು ಶಿಂಜುಕುವಿನ ನಾಕಾಮುರಾಯಾ ಅನ್ನೋ ಬ್ರೆಡ್ ಅಂಗಡಿಯ ಮನೆಯವರು. ಆ ಮನೆಯ ಮಗಳನ್ನೇ ಅವರು ಮದುವೆಯಾದರು. 1927ರಲ್ಲಿ ಆ ಅಂಗಡಿ ಊಟದ ಕೋಣೆ ತೆರೆದಾಗ ಅವರು ಹೇಳಿಕೊಟ್ಟ ಇಂಡಿಯಾದ ಕರಿ ಇಟ್ಟರು, ಇವತ್ತಿಗೂ ಅಲ್ಲಿ ಸಿಗುತ್ತದೆ. ನನಗೆ ಶಿಂಜುಕುಗೆ ಹೋಗೋಕೆ ಆಗಲಿಲ್ಲ. ಅದೊಂದು ಕೊರಗು ಉಳಿಯಿತು.

ರಾತ್ರಿ ಒಂದು ತಪ್ಪು ಮಾಡಿದೆ. ಕೆಂಪು ದೀಪದ ಒಂದು ಅಂಗಡಿ ಊಟದ್ದು ಅಂತ ಒಳಗೆ ಹೋದೆ, ಅದು ಇಜಾಕಾಯಾ, ಕುಡಿಯುವ ಜಾಗ. ಕೇಳದೆಯೇ ಒಂದು ಸಣ್ಣ ಬಟ್ಟಲು ತಂದಿಟ್ಟರು, ಬಿಲ್ಲಿನಲ್ಲಿ ಅದಕ್ಕೆ 400 ಯೆನ್. ಮೋಸ ಅಂತ ಮೊದಲು ಸಿಟ್ಟು ಬಂತು. ಅದು ಮೋಸ ಅಲ್ಲ, ಒತೋಶಿ ಅಂತ ಕೂತ ಜಾಗಕ್ಕೆ ಕಟ್ಟುವ ದುಡ್ಡಿನ ಹಾಗೆ. ಮೊದಲೇ ಗೊತ್ತಿದ್ದರೆ ಮನಸ್ಸು ಕೆಡುವುದಿಲ್ಲ, ಅದಕ್ಕೇ ಬರೆದಿದ್ದೇನೆ.

ಐದನೇ ದಿನ, ಭಾನುವಾರ

ಮಳೆ. ಮತ್ತೆ ಸೋಬಾ ಆಸೆಗೆ ಕಾಂಡಾ ಕಡೆ ಹೋದರೆ ಬೀದಿ ಪೂರ್ತಿ ಶಟರ್ ಇಳಿದಿದೆ. ಆಫೀಸುಗಳ ಬಡಾವಣೆ, ಭಾನುವಾರ ಆಫೀಸಿಲ್ಲ, ಅಂಗಡಿಯೂ ಇಲ್ಲ. ತೆರೆದಿದ್ದ ಒಂದೆರಡೂ ಎರಡು ಗಂಟೆಗೆ ಮುಚ್ಚಿದವು. ಬಾಗಿಲ ಮುಂದೆ ನೊರೆನ್ ಅನ್ನೋ ಬಟ್ಟೆಯ ಪರದೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ ಅಂತ, ಅದನ್ನು ಒಳಗೆ ತಗೊಂಡರೆ ಮುಚ್ಚಿದ ಹಾಗೆ. ನನ್ನ ಕಣ್ಣ ಮುಂದೆಯೇ ಒಬ್ಬರು ತಗೊಂಡು ಹೋದರು.

ಉಎನೊಗೆ ವಾಪಸ್ ಬಂದು ಕೈತೆನ್ ಸುಶಿಗೆ ಹೋದೆ, ತಟ್ಟೆ ತಾನೇ ಬರುವ ಅಂಗಡಿ. 1958ರಲ್ಲಿ ಒಸಾಕಾ ಕಡೆ ಶಿರಾಇಶಿ ಯೊಶಿಆಕಿ ಅನ್ನುವವರು ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಗುವುದನ್ನು ನೋಡಿ ಇದನ್ನು ಮಾಡಿದರು. ಸುಶಿ ಅಲ್ಲಿಂದಲೇ ಅಗ್ಗವಾಗಿ ಸಾಮಾನ್ಯ ಜನರ ಕೈಗೆ ಸಿಕ್ಕಿತು. ಬಾಗಿಲಲ್ಲಿ ಒಂದು ಪರದೆಯ ಮಿಷನ್, ಎಷ್ಟು ಮಂದಿ, ಕೌಂಟರಾ ಟೇಬಲ್ಲಾ ಅಂತ ಕೇಳುತ್ತದೆ. ಒಂದು, ಕೌಂಟರ್. ಟೇಬಲ್ಲಿಗೆ ಅರ್ಧ ಗಂಟೆ ಕಾಯುತ್ತಿದ್ದ ದೊಡ್ಡ ಕುಟುಂಬಗಳನ್ನು ದಾಟಿ ನಾನು ಐದು ನಿಮಿಷಕ್ಕೆ ಒಳಗೆ.

ಹಸಿ ಮೀನು ಜೀವನದಲ್ಲಿ ತಿಂದವಳಲ್ಲ. ಮೊದಲು ಸೌತೆಕಾಯಿ ಸುತ್ತಿದ್ದು, ಆಮೇಲೆ ಸಿಹಿ ಮೊಟ್ಟೆ, ಆಮೇಲೆ ಬೇಯಿಸಿದ ಸಿಗಡಿ. ಪಕ್ಕದಲ್ಲಿ ಸುಮಾರು 70 ವರ್ಷದ ಅಜ್ಜಿ, ಒಬ್ಬರೇ, ಕೋಟು ಮಡಿಚಿ ತೊಡೆ ಮೇಲಿಟ್ಟುಕೊಂಡು ನಿಧಾನವಾಗಿ ತಿನ್ನುತ್ತಿದ್ದರು. ನನಗೆ ಚಹಾ ಮಾಡಲು ಬರಲಿಲ್ಲ. ಎದುರಿಗೇ ಬಿಸಿನೀರಿನ ನಲ್ಲಿ, ಡಬ್ಬಿಯಲ್ಲಿ ಹಸಿರು ಪುಡಿ. ಅಜ್ಜಿ ನನ್ನ ಲೋಟಕ್ಕೆ ಪುಡಿ ಹಾಕಿ, ಲೋಟವನ್ನು ನಲ್ಲಿಯ ಗುಂಡಿಗೆ ಒತ್ತಿ ತೋರಿಸಿ, ಮತ್ತೆ ತಮ್ಮ ತಟ್ಟೆ ಕಡೆ ತಿರುಗಿದರು. ಮಾತಿಲ್ಲ, ವಿಚಾರಣೆ ಇಲ್ಲ. ಅವರು ತಿನ್ನುತ್ತಿದ್ದ ಸಾಲ್ಮನ್ ನಾನೂ ತರಿಸಿಕೊಂಡೆ. ಬೆಣ್ಣೆ ಹಾಗಿತ್ತು. ಇನ್ನೊಂದು ತಟ್ಟೆ ತರಿಸಿದೆ.

ಇದಕ್ಕೇ ನನಗೆ ಇಚಿರಾನ್ ಥರದ ರಾಮೆನ್ ಅಂಗಡಿ ಅಷ್ಟು ಹಿಡಿಸುವುದಿಲ್ಲ. ರಾಮೆನ್ ಅಂದರೆ ಸಾರಿನಲ್ಲಿ ಬರುವ ಗೋಧಿ ಶ್ಯಾವಿಗೆ. ಅಲ್ಲಿ ಒಬ್ಬೊಬ್ಬರಿಗೂ ಎರಡೂ ಕಡೆ ಹಲಗೆ ಕಟ್ಟಿರುತ್ತಾರೆ, ಬಡಿಸುವವರ ಮುಖವೂ ಕಾಣದಂತೆ ಮುಂದೆ ಪರದೆ. ಪ್ರವಾಸಿಗರು ಸಾಲುಗಟ್ಟಿ ಹೋಗುತ್ತಾರೆ. ಅವರದು ಹಂದಿ ಮೂಳೆಯ ಸಾರು, ನಾನು ಹೇಗೂ ತಿನ್ನುತ್ತಿರಲಿಲ್ಲ. ಆದರೆ ಪರದೆ ನನಗೆ ಊರಲ್ಲೇ ಸಾಕಷ್ಟು ಸಿಕ್ಕಿದೆ. ನನಗೆ ಬೇಕಾದದ್ದು ನಾಲ್ಕು ಜನರ ನಡುವೆ ಒಬ್ಬಳಾಗಿ ಕೂರುವುದು, ಪಕ್ಕದ ಅಜ್ಜಿಯ ಕೈ ನನ್ನ ಲೋಟಕ್ಕೆ ಎಟುಕುವಷ್ಟು ಹತ್ತಿರ.

ರಾತ್ರಿ ಅವ್ವನಿಗೆ ಅಜ್ಜಿ ವಿಷಯ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. "ಆಕೀಗ ಮಕ್ಕಳಿಲ್ಲೇನು?" ಅಂದಳು. ಇರಬಹುದು ಅವ್ವ, ಸುಮ್ನೆ ಹಸಿವಾಗಿ ಬಂದಿರಬೇಕು ಅಂದೆ. "ಹೌದು ನೋಡು, ಹಸಿವಿ ಯಾರಿಗಿ ಬಿಟ್ಟದ" ಅಂದಳು.

ಆರನೇ ದಿನ, ಸೋಮವಾರ

ಬೆಳಿಗ್ಗೆ ನಾಷ್ಟಾಕ್ಕೆ ತೈಶೊಕು. ಒಂದು ತಟ್ಟೆಯಲ್ಲಿ ಅನ್ನ, ಮಿಸೊ ಅನ್ನೋ ಹುದುಗಿಸಿದ ಸೋಯಾದ ಸಾರು, ಸುಟ್ಟ ಮೀನು, ಉಪ್ಪಿನಕಾಯಿ. ನಮ್ಮ ತಾಟಿನ ಊಟದ ಹಾಗೇ, ಎಲ್ಲ ಒಟ್ಟಿಗೆ ಬರುತ್ತದೆ. ಅನ್ನದ ಬಟ್ಟಲಲ್ಲಿ ಉಣ್ಣುವ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಇಡುವ ರೀತಿ. ಉಂಡು ತಟ್ಟೆ ಕಿಟಕಿಗೆ ಕೊಟ್ಟು ರೈಲು ಹತ್ತಿದೆ. ಅವ್ವನ ರೊಟ್ಟಿ ಇನ್ನೂ ಆರು ಉಳಿದಿದ್ದವು.

ಕಲಬುರಗಿ, ಗುರುವಾರ

ಬ್ಯಾಂಕಿಗೆ ಡಬ್ಬಿ ಒಯ್ಯಲಿಲ್ಲ. ಮಧ್ಯಾಹ್ನ ಗಂಜ್ ಕಡೆಯ ಒಂದು ಖಾನಾವಳಿಗೆ ನಡೆದು ಹೋದೆ. 15 ವರ್ಷ ಅದರ ಮುಂದೆ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಹುಡುಗ, "ಎಷ್ಟ್ ಮಂದಿ ಅಕ್ಕಾರ?" ನನಗೆ ಗೊತ್ತಿಲ್ಲದೆಯೇ ಒಂದು ಬೆರಳು ಎತ್ತಿದೆ. "ಮ್ಯಾಲ ಹೋಗ್ರಿ, ಫ್ಯಾಮಿಲಿದು ಅದ." ಬ್ಯಾಡಪ್ಪ, ಇಲ್ಲೇ ಕೂಡ್ತೀನಿ ಅಂದೆ. ಅವನು ಗಲ್ಲಾದ ಕಡೆ ನೋಡಿದ, ಯಜಮಾನರು ನನ್ನ ಕಡೆ ನೋಡಿದರು. ನಾನು ಅಷ್ಟರಲ್ಲಿ ಗೋಡೆ ಪಕ್ಕದ ಟೇಬಲ್ಲಿಗೆ ಕೂತಾಗಿತ್ತು.

ಎದುರಿಗೆ ಟವೆಲು ಹೆಗಲಿಗೆ ಹಾಕಿದ ಹಿರಿಯರು. ನನ್ನನ್ನು ಒಮ್ಮೆ ನೋಡಿ, ತಮ್ಮ ನೀರಿನ ಲೋಟ ತಮ್ಮ ಕಡೆ ಎಳೆದುಕೊಂಡು ನನಗೆ ಜಾಗ ಮಾಡಿದರು. ತಾಟು ಬಂತು. ಎರಡು ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಬೇಳೆ, ಹಸಿ ಉಳ್ಳಾಗಡ್ಡಿ, ಹಿಂಡಿ, ಮೊಸರು. ರೊಟ್ಟಿ ಬಡಿಯುವ ಸಪ್ಪಳ ಒಳಗಿನಿಂದ ಕೇಳುತ್ತಿತ್ತು, ಮೇಲಿನ ಕೋಣೆಗೆ ಅದು ಎಂದೂ ಕೇಳುವುದಿಲ್ಲ. ಮೊದಲ ಹತ್ತು ನಿಮಿಷ ಬೆನ್ನ ಮೇಲೆ ಕಣ್ಣು ಇವೆ ಅನಿಸಿತು. ಆಮೇಲೆ ಅವರೆಲ್ಲ ತಮ್ಮ ತಮ್ಮ ಊಟಕ್ಕೆ ಹತ್ತಿದರು. ಹಿರಿಯರು ಹಿಂಡಿ ಬಟ್ಟಲು ನನ್ನ ಕಡೆ ಸರಿಸಿ, "ಹಚ್ಗೋಳ್ರಿ ತಂಗಿ" ಅಂದರು.

ದುಡ್ಡು ಕೊಡುವಾಗ ಯಜಮಾನರಿಗೆ ಹೇಳಿದೆ, ಹೆಣ್ಣುಮಕ್ಕಳು ಒಬ್ಬರೇ ಬಂದರೆ ಮೇಲೆ ಕಳಸಬ್ಯಾಡ್ರಿ, ಎಲ್ಲಿ ಕೂಡ್ತೀರಿ ಅಂತ ಕೇಳ್ರಿ.

"ಯಾರೂ ಬರಂಗಿಲ್ರಿ ಅಕ್ಕಾರ."

"ನಾ ಬಂದೀನಲ್ರಿ."

ಅವರು ಚಿಲ್ಲರೆ ಎಣಿಸುತ್ತ ಸ್ವಲ್ಪ ಯೋಚಿಸಿದರು. ಆ ಗೋಡೆ ಪಕ್ಕ ಬೆಳಕು ಕಡಿಮೆ, ಬಾಗಿಲ ಹತ್ತಿರದ ಟೇಬಲ್ಲಿಗೆ ಗಾಳಿ ಚಲೋ ಬರುತ್ತದೆ, ಮುಂದಿನ ಸಲ ಅಲ್ಲಿ ಕೂಡ್ರಿ ಅಂದರು. ಮುಂದಿನ ಗುರುವಾರ ಹೋದೆ. ಅಲ್ಲೇ ಕೂತೆ.